ಕೊರಳಿನಿಂದ ಮೂರು ಬೆರಳು

ಆ ಮನೆಯಲ್ಲಿ ವಿಶ್ವವಿದ್ಯಾಲಯದ ಪ್ರಶ್ನೆಗಳು ಮೊದಲು ಅಡುಗೆಮನೆಯಲ್ಲಿ ಪಾಸಾಗಬೇಕಿತ್ತು. ಮೇಡಂ ಕಂಪ್ಯೂಟರ್ ವಿಜ್ಞಾನ ಕಲಿಸಲು ಶುರುಮಾಡಿ ಹನ್ನೆರಡು ವರ್ಷವಾಗಿತ್ತು. ಮೊದಲ ದಿನದಿಂದಲೂ ಅವರದು ಇದೊಂದು ಪದ್ಧತಿ: ವಿದ್ಯಾರ್ಥಿಗಳಿಗೆ ಹೋಂವರ್ಕ್ ಪ್ರಶ್ನೆ ಕೊಡುವ ಮುನ್ನ ಅದನ್ನು ಅತ್ತೆಗೆ ಓದಿ ಹೇಳುವುದು. ಅತ್ತೆಗೆ ಅರ್ಥವಾದರೆ ಸರಿ, ಹುಬ್ಬು ಗಂಟಿಕ್ಕಿದರೆ ವಾಕ್ಯ ತಿದ್ದುವುದು. ಅತ್ತೆ ಮೂವತ್ತು ವರ್ಷ ಹೊಲಿಗೆ ತರಬೇತಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಧೂಳು ಒರೆಸುವುದಕ್ಕೆ ಬಿಟ್ಟರೆ ಕಂಪ್ಯೂಟರನ್ನು ಮುಟ್ಟಿದವರಲ್ಲ.

"ಪ್ರಶ್ನೆ ಅರ್ಥ ಆಗೋಕೆ ಕಂಪ್ಯೂಟರ್ ಯಾಕೆ ಬೇಕು? ತಲೆ ಇದ್ರೆ ಸಾಕು," ಎನ್ನುವುದು ಮೇಡಂ ವಾದ. ಹನ್ನೆರಡು ವರ್ಷದಲ್ಲಿ ಈ ಪದ್ಧತಿ ಅವರಿಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಆ ಸೋಮವಾರ ಬೆಳಿಗ್ಗೆ ಒಲೆಯ ಮೇಲೆ ಆಲೂಗಡ್ಡೆ ಬೇಯುತ್ತಿತ್ತು. ಮೇಡಂ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಕಾಗದ ಹಿಡಿದು ನಿಂತಿದ್ದರು. ಮಗಳು ಸ್ನಾನಕ್ಕೆ ಹೋಗಿದ್ದು ಖಾತ್ರಿಯಾದ ಮೇಲೆ ದನಿ ತಗ್ಗಿಸಿ ಓದಿದರು.

"ಒಂದು ಬೀದಿ ಎಷ್ಟುದ್ದ ಅಂತ ಕೊಟ್ಟಿದೆ. ಒಂದು ದೀಪಕ್ಕೂ ಇನ್ನೊಂದು ದೀಪಕ್ಕೂ ಎಷ್ಟು ಅಂತರ ಅನ್ನೋದೂ ಕೊಟ್ಟಿದೆ. ಯಾವ ಯಾವ ಜಾಗದಲ್ಲಿ ದೀಪದ ಕಂಬ ನಿಲ್ಲಿಸಬೇಕು ಅಂತ ಹೇಳೋ ಪ್ರೋಗ್ರಾಂ ಬರೀಬೇಕು. ಗೊತ್ತಾಯ್ತಾ ಅತ್ತೆ?"

"ಇದರಲ್ಲಿ ಗೊತ್ತಾಗದೆ ಇರೋದೇನಿದೆ? ಶರ್ಟಿಗೆ ಗುಂಡಿ ಹಚ್ಚೋ ಲೆಕ್ಕ."

"ಅದೇ ಅತ್ತೆ, ಅದೇ," ಎಂದು ಮೇಡಂ ಕಾಗದ ಮಡಚಿದರು. ಅಷ್ಟು ಸಲೀಸಾಗಿ ಯಾವ ಪ್ರಶ್ನೆಯೂ ಪಾಸಾಗಿರಲಿಲ್ಲ. "ನೆನಪಿದೆ ತಾನೆ? ಕ್ಲಾಸಲ್ಲಿ ಕೊಡೋವರೆಗೆ ಯಾರ ಹತ್ರಾನೂ ಬಾಯಿಬಿಡಬಾರದು. ಅದರಲ್ಲೂ ಅವಳ ಹತ್ರ."

"ಬಾಯಿಗೆ ಹೊಲಿಗೆ ಹಾಕ್ಕೊಂಡಿದ್ದೀನಿ ತಾಯಿ. ಆಲೂಗಡ್ಡೆ ನೋಡು, ತಳ ಹಿಡೀತಿದೆ."

'ಅವಳು' ಎಂದರೆ ಮಗಳು. ಸದಾ ಚಿಲಿಪಿಲಿ ಎನ್ನುತ್ತಿದ್ದವಳಾದ್ದರಿಂದ ಮನೆಯವರಿಗೆಲ್ಲ ಗುಬ್ಬಿ. ಈ ವರ್ಷ ಅವಳು ತಾಯಿಯ ವಿಭಾಗದಲ್ಲೇ ಮೊದಲ ವರ್ಷಕ್ಕೆ ಸೇರಿದ್ದಳು. ಪುಟ್ಟ ವಿಶ್ವವಿದ್ಯಾಲಯ ಅದು. ಕಂಪ್ಯೂಟರ್ ವಿಭಾಗಕ್ಕೆ ಇಬ್ಬರೇ ಅಧ್ಯಾಪಕರು. ಲ್ಯಾಬಿನಲ್ಲಿ ಇಪ್ಪತ್ತನಾಲ್ಕು ಯಂತ್ರ, ಅದರಲ್ಲಿ ನಾಲ್ಕು ಕೆಟ್ಟು ಕೂತಿದ್ದವು. ಹುಡುಗರು ಅವುಗಳ ಮೇಲೆ ಬ್ಯಾಗು ಇಡುತ್ತಿದ್ದರು. ಬೇರೆ ಮೇಷ್ಟರ ಕ್ಲಾಸಿಗೆ ಹಾಕೋಣವೆಂದರೆ ಮೊದಲ ವರ್ಷಕ್ಕೆ ಬೇರೆ ಮೇಷ್ಟರೇ ಇಲ್ಲ. ಹಾಗಾಗಿ ತಾಯಿ ಮಗಳು ಒಂದು ಕರಾರು ಮಾಡಿಕೊಂಡಿದ್ದರು. ವಿಭಾಗದ ಹೊಸ್ತಿಲು ದಾಟಿದರೆ 'ಮೇಡಂ', ಮನೆಯ ಹೊಸ್ತಿಲು ದಾಟಿದರೆ 'ಅಮ್ಮ'. ಮೂರು ತಿಂಗಳು ಕರಾರು ಚೆನ್ನಾಗಿಯೇ ನಡೆದಿತ್ತು.

ಎರಡು ವಾರದ ನಂತರ ಇಪ್ಪತ್ತೆಂಟು ಮಂದಿಯ ಪ್ರೋಗ್ರಾಂಗಳೂ ಬಂದವು. ಮೇಡಂ ಅವನ್ನು ತಾವೇ ಬರೆದಿದ್ದ ಪರೀಕ್ಷಕ ಪ್ರೋಗ್ರಾಮಿಗೆ ಉಣಿಸಿದರು. ಅದು ಪ್ರತಿಯೊಬ್ಬರ ಪ್ರೋಗ್ರಾಮಿಗೂ ಇಪ್ಪತ್ತು ಬೀದಿಗಳನ್ನು ಕೊಟ್ಟು ಉತ್ತರ ಹೋಲಿಸುತ್ತಿತ್ತು. ಸರಿ ಉತ್ತರದ ಗೊಡವೆಗೆ ಹೋಗುತ್ತಿರಲಿಲ್ಲ. ಯಾರ್‍ಯಾರ ತಪ್ಪು ಉತ್ತರಗಳು ಒಂದೇ ತೆರನಾಗಿವೆ ಎಂದು ಮಾತ್ರ ಹುಡುಕುತ್ತಿತ್ತು. "ಸರಿ ಉತ್ತರ ಎಲ್ಲರದೂ ಒಂದೇ ಇರುತ್ತೆ. ತಪ್ಪು ಮಾತ್ರ ಅವರವರ ಸ್ವಂತದ್ದು," ಎಂದು ಪ್ರತಿ ವರ್ಷ ಮೊದಲ ಕ್ಲಾಸಿನಲ್ಲೇ ಮೇಡಂ ಹೇಳುತ್ತಿದ್ದರು. ಒಂದೇ ತಪ್ಪು ಇಬ್ಬರಲ್ಲಿ ಸಿಕ್ಕರೆ ಅದು ನಕಲು. ನಕಲಿಗೆ ಶಿಕ್ಷೆ ಏನೆಂಬ ನಿಯಮವನ್ನೂ ಆರು ವರ್ಷದ ಹಿಂದೆ ಅವರೇ ಬರೆದಿದ್ದರು: ಎಲ್ಲರಿಗೂ ಸೊನ್ನೆ, ಶಿಸ್ತು ಸಮಿತಿಗೆ ವರದಿ, ಆ ವಿಷಯವನ್ನು ಮುಂದಿನ ವರ್ಷ ಮೊದಲಿನಿಂದ ಓದಬೇಕು.

ಪರೀಕ್ಷಕ ಈ ಸಲ ಒಂಬತ್ತು ಮಂದಿಯನ್ನು ಹಿಡಿಯಿತು. ಒಂಬತ್ತರಲ್ಲೂ ಮೊದಲ ಕಂಬ ಬೀದಿಯ ತುದಿಯಲ್ಲಿ ಇರಲಿಲ್ಲ. ಮೂರು ಮೀಟರ್ ಬಿಟ್ಟು ಶುರುವಾಗುತ್ತಿತ್ತು. ಬೀದಿ ನೂರು ಮೀಟರ್ ಇರಲಿ, ಸಾವಿರ ಇರಲಿ, ಮೊದಲ ಕಂಬ ಮಾತ್ರ ಮೂರರಲ್ಲೇ. ಪ್ರಶ್ನೆಯಲ್ಲಿ ಮೂರರ ಸುಳಿವೇ ಇರಲಿಲ್ಲ. ಪಟ್ಟಿಯನ್ನು ಕೆಳಗೆ ಸರಿಸುತ್ತ ಹೋದ ಮೇಡಂಗೆ ಏಳನೆಯ ಸಾಲಿನಲ್ಲಿ ಮಗಳ ನೋಂದಣಿ ಸಂಖ್ಯೆ ಕಂಡಿತು.

ನಿಯಮದ ಪ್ರಕಾರ ಸಮಿತಿಯ ಮುಂದೆ ಬರುವವರೆಗೆ ಯಾರನ್ನೂ ಏನೂ ಕೇಳುವಂತಿಲ್ಲ. ಕೇಳಿದರೆ ಎಲ್ಲರೂ ಸೇರಿ ಒಂದು ಕಥೆ ಕಟ್ಟಿಬಿಡುತ್ತಾರೆ. ಎಂಟು ಮಂದಿಯ ವಿಷಯದಲ್ಲಿ ಮೇಡಂ ನಿಯಮ ಪಾಲಿಸಿದರು. ಒಂಬತ್ತನೆಯವಳ ವಿಷಯದಲ್ಲಿ ಆಗಲಿಲ್ಲ. ಸಂಜೆ ಮನೆಗೆ ಬಂದವರೇ ಚಪ್ಪಲಿ ಬಿಡುವ ಮೊದಲೇ ಮಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

"ಆ ಮೂರು ಎಲ್ಲಿಂದ ಬಂತು?"

ಗುಬ್ಬಿ ಒಗೆದ ಬಟ್ಟೆ ಮಡಚುತ್ತಿದ್ದಳು. ಕೈ ನಿಂತಿತು. "ಯಾವ ಮೂರು?"

"ಗೊತ್ತಿಲ್ಲದವಳ ಹಾಗೆ ಆಡಬೇಡ. ಮೊದಲ ಕಂಬ ಮೂರನೇ ಮೀಟರಲ್ಲಿ ಯಾಕೆ ನಿಲ್ಲಿಸಿದೆ?"

"ಹಾಗೇ ಇಟ್ಟೆ."

"ಹಾಗೇ? ಒಂಬತ್ತು ಜನ ಹಾಗೇ ಇಟ್ರಾ?"

ಒಂಬತ್ತು ಎಂದಾಗ ಹುಡುಗಿಯ ಮುಖ ಬಿಳಿಚಿತು. ಆದರೂ ಮತ್ತೊಂದು ಬಟ್ಟೆ ಎತ್ತಿ ಮಡಚತೊಡಗಿದಳು.

"ಯಾರದ್ದು ನೋಡಿ ಬರೆದೆ? ಅಥವಾ ನೀನೇ ಬರೆದು ಎಲ್ಲರಿಗೂ ಹಂಚಿದ್ಯಾ?"

"ನಾನು ಯಾರದ್ದೂ ನೋಡಿಲ್ಲ. ಯಾರಿಗೂ ಕೊಟ್ಟಿಲ್ಲ. ನನ್ನದನ್ನ ನಾನೇ ಬರೆದೆ."

"ನಿಜ ಹೇಳು. ಜನ ಏನಂತಾರೆ ಗೊತ್ತಾ? ಅಮ್ಮ ಉತ್ತರ ಹೇಳಿಕೊಟ್ಟಳು, ಮಗಳು ಊರಿಗೆಲ್ಲ ಹಂಚಿದಳು ಅಂತಾರೆ. ಹನ್ನೆರಡು ವರ್ಷ ನಾನು ಸಂಪಾದಿಸಿದ ಮರ್ಯಾದೆ ನೀನು ಮೂರು ತಿಂಗಳಲ್ಲಿ ಮಣ್ಣುಪಾಲು ಮಾಡಿದೆ. ಕಳ್ಳಿಯನ್ನ ಸಾಕಿದೆ ಅಂತ ಆಯ್ತು."

ಆಡಿದ ಮೇಲೆ ಮೇಡಂಗೇ ಆ ಮಾತು ಕಹಿಯಾಯಿತು. ಆದರೆ ಆಡಿಯಾಗಿತ್ತು. ಗುಬ್ಬಿ ಮಡಚಿದ ಬಟ್ಟೆಗಳನ್ನು ಎತ್ತಿ ಮಂಚದ ಮೇಲಿಟ್ಟು, "ಆಯ್ತು ಮೇಡಂ," ಎಂದಳು.

ಅಂದಿನಿಂದ ಮನೆಯೊಳಗೂ ಅವಳ ಬಾಯಲ್ಲಿ 'ಮೇಡಂ' ಬಿಟ್ಟು ಬೇರೆ ಬರಲಿಲ್ಲ. "ಮೇಡಂ, ಉಪ್ಪು ಕೊಡ್ತೀರಾ?" "ಮೇಡಂ, ನೀರು ಬಿಸಿಯಾಗಿದೆ." ತಟ್ಟೆ ಹಿಡಿದುಕೊಂಡು ಅಜ್ಜಿಯ ಹೊಲಿಗೆ ಯಂತ್ರದ ಪಕ್ಕ ಕೂತು ಊಟ ಮಾಡತೊಡಗಿದಳು. ಬೆಳಿಗ್ಗೆ ಹತ್ತು ನಿಮಿಷ ಮುಂಚೆ ಹೊರಟು ಬೇರೆ ಬಸ್ಸು ಹಿಡಿಯುತ್ತಿದ್ದಳು.

ಮನೆಯ ಯಜಮಾನರು ಕನ್ನಡಕದ ಅಂಗಡಿಯವರು. ಜಗಳ ಕಂಡರೆ ಗಾಜು ಒರೆಸುತ್ತ ಕೂರುವ ಸ್ವಭಾವ. ನಾಲ್ಕು ದಿನ ಒರೆಸಿದರು. ಐದನೆಯ ದಿನ ಊಟಕ್ಕೆ ಕೂತಾಗ ಕೇಳಿಯೇಬಿಟ್ಟರು.

"ಏನಾಗಿದೆ ಈ ಮನೆಗೆ? ಒಬ್ಬರು ಮುಖ ಊದಿಸ್ಕೊಂಡಿದ್ದಾರೆ, ಒಬ್ಬರು ಮುಖ ತಿರುಗಿಸ್ಕೊಂಡಿದ್ದಾರೆ."

"ನಿಮ್ಮ ಮಗಳು ನಕಲು ಮಾಡಿದ್ದಾಳೆ ರೀ. ಶನಿವಾರ ವರದಿ ಕೊಡ್ತಿದ್ದೀನಿ."

"ಒಳ್ಳೇದು ಮಾಡಿದಾಗ ನಿನ್ನ ಮಗಳು, ಕೆಟ್ಟದ್ದಾದಾಗ ನನ್ನ ಮಗಳು," ಎಂದು ನಗಿಸಲು ನೋಡಿದರು. ಯಾರೂ ನಗಲಿಲ್ಲ. "ಅವಳು ಮಾಡಿಲ್ಲ ಅಂತಾಳಲ್ಲ. ಒಂದು ಸಲ ನಂಬಿ ನೋಡಬಾರದಾ?"

"ಉಳಿದ ಎಂಟು ಜನರ ತಾಯಂದಿರು ನನ್ನ ಎದುರು ಕೂತು ಊಟ ಮಾಡ್ತಿಲ್ಲ. ಅವರ ಮಕ್ಕಳನ್ನ ಯಾರು ನಂಬ್ತಾರೆ? ಮಗಳು ಅಂತ ಒಂದು ಹೆಸರು ತೆಗೆದರೆ, ನಾಳೆಯಿಂದ ನಾನು ಯಾವ ಮುಖ ಇಟ್ಕೊಂಡು ಪಾಠ ಮಾಡಲಿ?"

ಅತ್ತೆ ಬೀನ್ಸ್ ಬಟ್ಟಲನ್ನು ಮಗನ ಕಡೆ ಸರಿಸಿದರು. "ನೋಡಮ್ಮ, ನನಗೆ ನಿನ್ನ ಕಂಪ್ಯೂಟರ್ ಗೊತ್ತಿಲ್ಲ. ಆದ್ರೆ ಆ ಮಗು ನನ್ನ ಡಬ್ಬಿಯಿಂದ ಒಂದು ಗುಂಡಿ ತಗೊಂಡ್ರೂ ಕೇಳಿ ತಗೊಳ್ಳುತ್ತೆ."

"ಇದು ಗುಂಡಿ ವಿಷಯ ಅಲ್ಲ ಅತ್ತೆ," ಎಂದು ಮೇಡಂ ಎದ್ದು ಕೈ ತೊಳೆದರು. ಅತ್ತೆಯೂ ಅಲ್ಲಿಗೇ ಬಿಟ್ಟರು. ಯಾರು ಯಾರಿಂದ ಏನು ನಕಲು ಮಾಡಿದರು, ಯಾವ ಪ್ರಶ್ನೆಯಲ್ಲಿ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಶನಿವಾರ ಮಧ್ಯಾಹ್ನ ಮೇಡಂ ಒಂಬತ್ತು ಸಂಖ್ಯೆಗಳ ವರದಿಯನ್ನು ಲಕೋಟೆಗೆ ಹಾಕಿ, ಅಂಟಿಸಿ, ವಿಭಾಗದ ಮುಖ್ಯಸ್ಥರ ಮೇಜಿನ ಮೇಲಿಟ್ಟರು. ಸೋಮವಾರ ಹನ್ನೊಂದಕ್ಕೆ ಸಮಿತಿ ಸೇರಲಿತ್ತು. ಮುಖ್ಯಸ್ಥರು ಗಣಿತದವರು, ನಿವೃತ್ತಿಗೆ ಎಂಟು ತಿಂಗಳು ಬಾಕಿ ಇದ್ದವರು. ಲಕೋಟೆಯನ್ನು ಒಮ್ಮೆ ನೋಡಿ, ಮೇಡಂ ಮುಖವನ್ನೂ ಒಮ್ಮೆ ನೋಡಿ, "ಮನೆಗೆ ಹೋಗಿ ಸ್ವಲ್ಪ ಮಲಗಿ," ಎಂದಷ್ಟೇ ಹೇಳಿದರು. ಮೇಡಂ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಅತ್ತರು.

ಭಾನುವಾರ ಬೆಳಿಗ್ಗೆ ಯಜಮಾನರ ಹೊಸ ಶರ್ಟು ತಯಾರಾಗುತ್ತಿತ್ತು. ಅತ್ತೆ ಊಟದ ಮೇಜಿನ ಮೇಲೆ ಹೊಲಿದ ಶರ್ಟನ್ನು ಹರಡಿ ಗುಂಡಿಗೆ ಗುರುತು ಹಾಕುತ್ತಿದ್ದರು. ಮೇಡಂ ಎದುರಿಗೆ ಕೂತು ಚಹಾ ಕುಡಿಯುತ್ತಿದ್ದರು. ಕುಡಿಯುತ್ತಿದ್ದರು ಎನ್ನುವುದಕ್ಕಿಂತ ಲೋಟ ಹಿಡಿದುಕೊಂಡಿದ್ದರು. ಅತ್ತೆ ಕಾಲರಿನ ಕೆಳಗೆ ತಮ್ಮ ಮೂರು ಬೆರಳನ್ನು ಅಡ್ಡಡ್ಡ ಜೋಡಿಸಿ ಇಟ್ಟರು. ಬೆರಳು ಮುಗಿದಲ್ಲಿ ಸೀಮೆಸುಣ್ಣದಿಂದ ಒಂದು ಚುಕ್ಕೆ ಇಟ್ಟರು. ಅಲ್ಲಿಂದ ಟೇಪು ಹಿಡಿದು ಸಮ ಅಂತರದಲ್ಲಿ ಇನ್ನೊಂದು, ಮತ್ತೊಂದು.

ಮೇಡಂ ಲೋಟ ಕೆಳಗಿಟ್ಟರು.

"ಅತ್ತೆ, ಆ ಮೂರು ಬೆರಳು ಯಾಕೆ?"

"ಯಾಕೆ ಅಂದ್ರೆ? ಕೊರಳಿನಿಂದ ಮೂರು ಬೆರಳು ಬಿಟ್ಟು ಮೊದಲ ಗುಂಡಿ. ಆಮೇಲೆ ನಿನ್ನ ಅಂತರದ ಲೆಕ್ಕ. ಕೊರಳಿಗೇ ಇಟ್ಟರೆ ಮನುಷ್ಯ ಉಸಿರಾಡಬೇಕಾ ಬೇಡವಾ?"

"ಇದನ್ನ ಯಾರಿಗಾದ್ರೂ ಹೇಳಿಕೊಟ್ಟಿದ್ದೀರಾ?"

ಅತ್ತೆ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಬೆಳಕಿನ ಕಡೆ ತಿರುಗಿದರು. ದಾರ ಸೂಜಿಗೆ ಹೋಗಲೊಲ್ಲದು.

"ಬೈಯಲ್ಲ ತಾನೆ?"

"ಅತ್ತೆ, ಹೇಳಿ."

"ನೀನು ಕ್ಲಾಸಲ್ಲಿ ಕೊಟ್ಟ ಮೇಲೇನೇ ಹೇಳಿದ್ದು. ಅದಕ್ಕೆ ಮುಂಚೆ ತುಟಿ ಎರಡು ಮಾಡಿಲ್ಲ. ಹಾಸ್ಟೆಲಿನ ಹುಡುಗಿ ಒಬ್ಬಳು ಜಿಪ್ಪು ಹಾಕಿಸೋಕೆ ಬಂದಿದ್ದಳು. ದೀಪದ ಲೆಕ್ಕ ತಲೆಗೆ ಹೋಗ್ತಿಲ್ಲ ಅಂತ ಅಳೋ ಹಾಗಿದ್ದಳು. ಮೇಜಿನ ಮೇಲೆ ಶರ್ಟು ಇತ್ತು, ಗುಂಡಿ ಇತ್ತು, ತೋರಿಸಿದೆ. ಮುಂದಿನ ಬುಧವಾರ ಇನ್ನೂ ನಾಲ್ಕು ಜನರನ್ನ ಕರ್ಕೊಂಡು ಬಂದಳು. ಶುಕ್ರವಾರ ಇನ್ನಷ್ಟು. ನೀನು ಆ ಎರಡು ದಿನ ಐದು ಗಂಟೆವರೆಗೆ ಲ್ಯಾಬಲ್ಲಿ ಇರ್ತೀಯಲ್ಲ. ಗುಬ್ಬಿನೂ ಕೂತು ಕೇಳಿತು. ನಿವೃತ್ತಿ ಆದಮೇಲೆ ನನ್ನ ಎದುರು ಯಾರಾದ್ರೂ ನೋಟ್‌ಬುಕ್ ಹಿಡ್ಕೊಂಡು ಕೂತಿದ್ದು ಅದೇ ಮೊದಲು. ನಿನಗೆ ಹೇಳಿದ್ರೆ ಬೇಡ ಅಂತೀಯ ಅಂತ, ಅಮ್ಮನಿಗೆ ಹೇಳಬೇಡ ಅಂತ ಮಗೂಗೆ ಆಣೆ ಹಾಕಿಸಿದ್ದೆ." ಅವರು ಸೂಜಿ ಕೆಳಗಿಟ್ಟರು. "ಯಾಕಮ್ಮ, ಏನಾಯ್ತು?"

ಮೇಡಂ ಎದ್ದು ಹೋಗಿ ಲ್ಯಾಪ್‌ಟಾಪ್ ತಂದು ಒಂಬತ್ತು ಪ್ರೋಗ್ರಾಂಗಳನ್ನೂ ಒಂದಾದ ಮೇಲೊಂದು ತೆರೆದರು. ಇಷ್ಟು ದಿನ ಉತ್ತರಗಳನ್ನಷ್ಟೇ ನೋಡಿದ್ದರು. ಬರೆದದ್ದನ್ನು ಕೂತು ಓದಿರಲಿಲ್ಲ. ಒಬ್ಬಳು ಹನ್ನೆರಡು ಸಾಲಿನಲ್ಲಿ ಮುಗಿಸಿದ್ದಳು, ಇನ್ನೊಬ್ಬ ನಲವತ್ತು ಸಾಲು ಎಳೆದಾಡಿದ್ದ. ಒಬ್ಬ ಹಿಂದಿನಿಂದ ಮುಂದಕ್ಕೆ ಎಣಿಸಿದ್ದ. ಗುಬ್ಬಿಯದು ಅಚ್ಚುಕಟ್ಟಾಗಿತ್ತು, ಆ ಮೂರಕ್ಕೆ ಅವಳು ಇಟ್ಟ ಹೆಸರು 'ಕೊರಳು'. ಯಾವುದೂ ಇನ್ನೊಂದರಂತೆ ಇರಲಿಲ್ಲ. ಮೂರು ಮಾತ್ರ ಎಲ್ಲದರಲ್ಲೂ ಇತ್ತು.

ಕೊನೆಗೆ ತಮ್ಮದೇ ಪ್ರಶ್ನೆಯನ್ನು ತೆಗೆದು ಓದಿದರು. ಮೊದಲ ಕಂಬ ಎಲ್ಲಿರಬೇಕು ಎಂದು ಅದರಲ್ಲಿ ಬರೆದೇ ಇರಲಿಲ್ಲ. ಅತ್ತೆ ತಟ್ಟನೆ ಗೊತ್ತಾಯಿತೆಂದಿದ್ದರಿಂದ ಎರಡನೆಯ ಸಲ ನೋಡದೆ ಮಡಚಿ ಇಟ್ಟಿದ್ದರು. ಮನಸ್ಸು ಹಗುರವಾಗಿ ಅಳು ಬಂತು, ಅದರ ಬೆನ್ನಿಗೇ ನಗುವೂ ಬಂತು. ಮರುಕ್ಷಣವೇ ಲಕೋಟೆ ನೆನಪಾಗಿ ಫೋನ್ ಹಿಡಿದರು. ಮುಖ್ಯಸ್ಥರು ಭಾನುವಾರ ಫೋನ್ ಎತ್ತುವ ಮನುಷ್ಯರಲ್ಲ. ಹನ್ನೊಂದು ಸಲ ಮಾಡಿದರೂ ಎತ್ತಲಿಲ್ಲ. ಗುಬ್ಬಿಯೂ ಗೆಳತಿಯ ಮನೆಗೆ ಹೋದವಳು ಅಲ್ಲೇ ಉಳಿಯುತ್ತೇನೆಂದು ಅಪ್ಪನಿಗೆ ಹೇಳಿ ಕಳಿಸಿದ್ದಳು.

ಸೋಮವಾರ ಒಂಬತ್ತಕ್ಕೆಲ್ಲ ಅತ್ತೆ ಸೊಸೆ ಇಬ್ಬರೂ ಮುಖ್ಯಸ್ಥರ ಬಾಗಿಲಲ್ಲಿದ್ದರು. ಅತ್ತೆಯ ಕೈಚೀಲದಲ್ಲಿ ಗುಂಡಿ ಅರ್ಧ ಹಚ್ಚಿದ ಶರ್ಟಿತ್ತು.

"ಸರ್, ಆ ಲಕೋಟೆ?"

ಮುಖ್ಯಸ್ಥರು ಚಹಾ ಲೋಟ ಎತ್ತಿದರು. ಅದರ ಕೆಳಗೇ ಇತ್ತು ಲಕೋಟೆ. ಮೇಲೆ ಚಹಾದ ದುಂಡು ಕಲೆ ಬಿದ್ದಿದ್ದರೂ ಅಂಟು ಹಾಗೇ ಇತ್ತು. "ಭಾನುವಾರ ಹಾಳುಮಾಡೋ ಕಾಗದವನ್ನ ನಾನು ಶನಿವಾರ ಒಡೆಯೋದಿಲ್ಲ ಮೇಡಂ."

ಮೇಡಂ ಕುರ್ಚಿ ಎಳೆದು ಕೂತರು. ಹೋದ ಜೀವ ಬಂದಂತಾಗಿತ್ತು. ಎಲ್ಲವನ್ನೂ ಹೇಳಿದರು: ಅಡುಗೆಮನೆ, ಆಲೂಗಡ್ಡೆ, ಗುಂಡಿ, ಬುಧವಾರ, ಶುಕ್ರವಾರ. ಮುಖ್ಯಸ್ಥರು ಶರ್ಟನ್ನು ಈಸಿಕೊಂಡು ಮೇಜಿನ ಮೇಲೆ ಹರಡಿ, ತಮ್ಮ ಮೂರು ಬೆರಳನ್ನೂ ಇಟ್ಟು ನೋಡಿದರು.

"ನನಗೆ ನಂಬಿಕೆ ಬಂತು. ಆದ್ರೆ ನಾಳೆ ಯಾರೂ ನಮ್ಮತ್ತ ಬೆರಳು ತೋರಿಸಬಾರದು. ಒಬ್ಬೊಬ್ಬರನ್ನೇ ಕರೆಯೋಣ. ಅಮ್ಮ, ನೀವು ಒಳಗಿನ ಕೋಣೆಯಲ್ಲಿ ಕೂತಿರಿ, ಯಾರಿಗೂ ಕಾಣಬೇಡಿ."

ಒಬ್ಬೊಬ್ಬರೇ ಬಂದರು. ಎಲ್ಲರಿಗೂ ಒಂದೇ ಪ್ರಶ್ನೆ: "ಈ ಮೂರು ಎಲ್ಲಿಂದ ಬಂತು?" ಹಾಸ್ಟೆಲಿನ ಹುಡುಗಿ ಮಾತಾಡುವ ಬದಲು ಮೂರು ಬೆರಳು ಜೋಡಿಸಿ ಕೊರಳ ಕೆಳಗಿಟ್ಟುಕೊಂಡಳು. "ಅಜ್ಜಿ ಹೇಳಿದ್ರು ಸರ್." ಎರಡನೆಯವನೂ ಬೆರಳು ಇಟ್ಟುಕೊಂಡ. ಮೂರನೆಯವನು ಬಲಗೈ ಇಡಬೇಕೋ ಎಡಗೈ ಇಡಬೇಕೋ ಎಂದು ಯೋಚಿಸಿ ಇಟ್ಟುಕೊಂಡ.

"ಬೆರಳು ಸರಿಯಪ್ಪ. ಬೀದಿಗೆ ಅದನ್ನ ಮೂರು ಮೀಟರ್ ಮಾಡಿದ್ದು ಯಾರು?" ಎಂದು ಮುಖ್ಯಸ್ಥರು ಕೇಳಿದರು.

"ಅದು ನಾನೇ ಸರ್. ಬೀದಿ ದೊಡ್ಡದಲ್ವಾ ಅಂತ."

ಎಂಟು ಮಂದಿ ಬಂದುಹೋದರು. ಎಂಟು ಕೊರಳು, ಇಪ್ಪತ್ತನಾಲ್ಕು ಬೆರಳು. ಕೊನೆಗೆ ಗುಬ್ಬಿ ಬಂದಳು. ತಾಯಿಯ ಕಡೆ ನೋಡಲಿಲ್ಲ.

"ಈ ಮೂರು ಎಲ್ಲಿಂದ ಬಂತಮ್ಮ?"

"ಹಾಗೇ ಇಟ್ಟೆ ಸರ್."

"ಯಾರಾದ್ರೂ ಹೇಳಿಕೊಟ್ರಾ?"

"ಇಲ್ಲ ಸರ್. ನನ್ನದೇ ತಪ್ಪು."

"ಸೊನ್ನೆ ಬಂದ್ರೂ ಪರವಾಗಿಲ್ವಾ? ಒಂದು ವರ್ಷ ಹೋಗುತ್ತೆ."

ಹುಡುಗಿಯ ಕಣ್ಣು ತುಂಬಿತು. ಆದರೂ ಪರವಾಗಿಲ್ಲವೆಂದು ತಲೆಯಾಡಿಸಿದಳು. ಒಳಗಿನ ಕೋಣೆಯ ಕುರ್ಚಿ ಸದ್ದಾಯಿತು. ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದರು.

"ಹೇಳೇ ಗುಬ್ಬಿ. ಎಲ್ಲರೂ ಹೇಳಿ ಆಯ್ತು. ನೀನೊಬ್ಬಳೇ ಯಾಕೆ ಹೊತ್ಕೊಂಡು ನಿಂತಿದ್ದೀಯ?"

"ನಿನ್ನ ಲೆಕ್ಕ ತಪ್ಪಾಯ್ತು ಅಂತ ನಿನಗೆ ಯಾರು ಹೇಳ್ತಾರೆ ಅಜ್ಜಿ?" ಎಂದು ಗುಬ್ಬಿ ಬಿಕ್ಕಿದಳು. "ನೀನು ಆಮೇಲೆ ಯಾರಿಗೂ ಹೇಳಿಕೊಡ್ತಾನೇ ಇರಲಿಲ್ಲ."

"ನನ್ನ ಲೆಕ್ಕ ಯಾಕೆ ತಪ್ಪಾಗುತ್ತೆ? ಬೀದಿಗೆ ಕೊರಳಿಲ್ಲ ಅಂತ ನಿಮ್ಮಮ್ಮ ಮೊದಲೇ ಹೇಳಬೇಕಿತ್ತು."

ಮುಖ್ಯಸ್ಥರಿಗೆ ನಗು ತಡೆಯಲಾಗಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಲಕೋಟೆಯನ್ನು ಅಂಟು ಬಿಡಿಸದೆಯೇ ಎರಡಾಗಿ, ಮತ್ತೆ ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದರು. ಸಮಿತಿಗೆ ಇಂದು ವಿಷಯವಿಲ್ಲವೆಂದು ಒಂದು ಸಾಲಿನ ಚೀಟಿ ಕಳಿಸಿದರು. ಅಂಕದ ತೀರ್ಮಾನ ಮೇಡಂಗೇ ಬಿಟ್ಟರು. ಒಂಬತ್ತು ಮಂದಿಗೂ ಹತ್ತಕ್ಕೆ ಏಳು. ಇಲ್ಲದ ಮೂರನ್ನು ತಂದದ್ದಕ್ಕೆ ಮೂರು ಅಂಕ ಕಡಿತ.

ಅಂದು ಸಂಜೆ ಮೇಡಂ ಬೇಗ ಮನೆಗೆ ಬಂದು ಅಡುಗೆ ಮಾಡಿದರು. ಮೇಜಿನ ಮೇಲೆ ನಾಲ್ಕು ತಟ್ಟೆ ಬಡಿಸಿಟ್ಟರು. ಗುಬ್ಬಿ ಅಭ್ಯಾಸಬಲದಿಂದ ತನ್ನ ತಟ್ಟೆ ಎತ್ತಿಕೊಂಡು ಹೊಲಿಗೆ ಯಂತ್ರದ ಕಡೆ ಹೊರಟಳು.

"ಕೂತ್ಕೋ ಸ್ವಲ್ಪ," ಎಂದರು ಮೇಡಂ.

ಅವಳು ತಟ್ಟೆ ಹಿಡಿದುಕೊಂಡೇ ನಿಂತಳು. ಯಜಮಾನರು ಕನ್ನಡಕ ತೆಗೆದು ಒರೆಸಲು ಶುರುಮಾಡಿದರು. ಅತ್ತೆ ಅವರ ಕೈಯಿಂದ ಬಟ್ಟೆ ಕಿತ್ತುಕೊಂಡರು.

"ಆ ದಿನ ನಿನ್ನ ಕೋಣೆಯಲ್ಲಿ ಒಂದು ಮಾತಾಡಿದೆ," ಎಂದು ಮೇಡಂ ಶುರುಮಾಡಿದರು. "ನಾನು ಉತ್ತರ ನೋಡಿದೆ, ಬರೆದದ್ದನ್ನ ನೋಡಲಿಲ್ಲ. ನಿನ್ನ ಮಾತನ್ನೂ ಕೇಳಲಿಲ್ಲ. ಈ ತಪ್ಪು ನನ್ನ ಸ್ವಂತದ್ದು. ಯಾರಿಂದಲೂ ನಕಲು ಮಾಡಿದ್ದಲ್ಲ. ಹೊಟ್ಟೆಗೆ ಹಾಕ್ಕೋ."

ಗುಬ್ಬಿ ತಟ್ಟೆಯನ್ನು ಮೇಜಿನ ಮೇಲಿಟ್ಟು ಕುರ್ಚಿ ಎಳೆದು ಕೂತಳು. ಅಂಕ ಹಾಕುವ ಮೇಷ್ಟರಂತೆ ತಾಯಿಯನ್ನು ನೋಡಿದಳು.

"ಹತ್ತಕ್ಕೆ ಏಳು," ಎಂದಳು.

"ಮೂರು ಯಾಕೆ ಕಡಿದೆ?"

"ಕಳ್ಳಿ ಅಂದಿದ್ದಕ್ಕೆ." ತಟ್ಟೆ ಮುಂದೆ ಚಾಚಿದಳು. "ಅಮ್ಮ, ಇನ್ನೂ ಸ್ವಲ್ಪ ಬೀನ್ಸ್ ಹಾಕು. ಅಷ್ಟು ದೂರ ಕೂತಾಗ ಯಾರೂ ಎರಡನೇ ಸಲ ಬಡಿಸ್ತಾನೇ ಇರಲಿಲ್ಲ."